ಕಡೆಯ ಹೆಸರಿನ ಮುಂದಿನ ಅಂಕ

ಜೂನಿಯರ್ ಕಾಲೇಜಿಗೆ ಹೊಸದಾಗಿ ಉಪನ್ಯಾಸಕರಾಗಿ ಸೇರುವವರಿಗೆ ಪಾಠ ಹೇಗೆ ಮಾಡಬೇಕು, ಪ್ರಯೋಗಾಲಯ ಹೇಗೆ ನಡೆಸಬೇಕು ಎಂದು ಹೇಳಿಕೊಡಲು ಬೇಕಾದಷ್ಟು ಜನರಿದ್ದಾರೆ. ಫಲಿತಾಂಶ ಬಂದ ಮರುದಿನ ಒಬ್ಬ ತಂದೆ ಅಂಕಪಟ್ಟಿ ಹಿಡಿದು ನಿಮ್ಮ ಮನೆ ಬಾಗಿಲಿಗೆ ಬಂದು, "ಸರ, ನಮ್ಮ ಹುಡುಗಗ ಸೀಟು ಸಿಗ್ತದೇನ್ರಿ?" ಎಂದು ಕೇಳುತ್ತಾನಲ್ಲ, ಆಗ ಏನು ಹೇಳಬೇಕೆಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ನನಗೂ ಯಾರೂ ಹೇಳಿಕೊಡಲಿಲ್ಲ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ಊರುಗಳಲ್ಲಿ ನಾನು ಭೌತಶಾಸ್ತ್ರ ಕಲಿಸಿದೆ. ಕಲಿಸಿದ್ದರ ಬಗ್ಗೆ ನನಗೆ ಹೆಚ್ಚು ಹೇಳಲಿಕ್ಕಿಲ್ಲ. ಆ ಒಂದು ಪ್ರಶ್ನೆಗೆ ಕೊಟ್ಟ ಉತ್ತರಗಳ ಬಗ್ಗೆ ಹೇಳಲಿಕ್ಕಿದೆ.

ಆಳಂದಕ್ಕೆ ಹೋದಾಗ ನನಗೆ ಇಪ್ಪತ್ತಾರು ವರ್ಷ. ಕಾಲೇಜು ಎಂದರೆ ಹೈಸ್ಕೂಲಿನ ಹಿಂದಿನ ನಾಲ್ಕು ಕೋಣೆಗಳು. ವಿಜ್ಞಾನ ಓದುವವರು ಇಪ್ಪತ್ತು ಮಂದಿ ಇರಲಿಲ್ಲ. ನಿಂಬರ್ಗಾ, ಸರಸಂಬಾ ಕಡೆಯ ಹುಡುಗರು ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಬಸ್ಸು ಕೆಟ್ಟ ದಿನ ನನ್ನ ಮೊದಲ ತಾಸಿಗೆ ಅರ್ಧ ಬೆಂಚು ಖಾಲಿ. ಇಂಜಿನಿಯರಿಂಗ್, ಮೆಡಿಕಲ್ ಎಂಬ ಮಾತು ಆ ಕಡೆ ಆಗಷ್ಟೇ ಬರುತ್ತಿತ್ತು. ಯಾರಿಗೆ ಎಷ್ಟು ಅಂಕಕ್ಕೆ ಸೀಟು ಸಿಗುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಆಯ್ಕೆಯಾದವರ ಪಟ್ಟಿಯನ್ನು ಗುಲಬರ್ಗಾದಲ್ಲಿ ಗೋಡೆಗೆ ಅಂಟಿಸುತ್ತಾರೆಂದು ಕೇಳಿ, ನಾನು ಬಸ್ಸು ಹತ್ತಿ ಹೋಗಿ, ಪಟ್ಟಿಯ ಮುಂದೆ ನಿಂತು, ಪ್ರತಿಯೊಂದು ವರ್ಗದ ಕಡೆಯ ಹೆಸರನ್ನೂ ಅದರ ಮುಂದಿನ ಅಂಕವನ್ನೂ ಪೆನ್ಸಿಲಿನಲ್ಲಿ ಬರೆದುಕೊಂಡು ಬಂದೆ. ಮರುವರ್ಷವೂ ಹೋದೆ. ಮೂರನೆಯ ವರ್ಷದ ಹೊತ್ತಿಗೆ ತಾಲ್ಲೂಕಿನಲ್ಲಿ ಸುದ್ದಿ ಹಬ್ಬಿತ್ತು: ಆ ಫಿಸಿಕ್ಸ್ ಸರ್ ಹತ್ತಿರ ಒಂದು ನೋಟ್‌ಬುಕ್ಕಿದೆ, ಅದನ್ನು ನೋಡಿ ಸೀಟು ಸಿಗುತ್ತದೋ ಇಲ್ಲವೋ ಹೇಳಿಬಿಡುತ್ತಾರೆ.

ಈ ಸುದ್ದಿ ನನಗೆ ಹಿತವಾಗಿತ್ತು. ಅದನ್ನು ಒಪ್ಪಿಕೊಳ್ಳಬೇಕು.

ಮಹಾಂತೇಶ ಎಂಬ ಹುಡುಗ ಹಿರೋಳ್ಳಿಯವನು. ಗಡಿಯ ಊರು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ. ಗಣಿತದಲ್ಲಿ ಅವನಂಥವನನ್ನು ನಾನು ಆಮೇಲೂ ಹೆಚ್ಚು ನೋಡಲಿಲ್ಲ. ಫಲಿತಾಂಶ ಬಂದಾಗ ಅವನ ಅಂಕ ಹಿಂದಿನ ವರ್ಷದ ಕಡೆಯ ಹೆಸರಿಗಿಂತ ಹದಿನಾಲ್ಕು ಹೆಚ್ಚಿತ್ತು. ಅವನ ತಂದೆ ಬೇರೆ ಯಾವುದೋ ಕೆಲಸಕ್ಕೆ ಆಳಂದಕ್ಕೆ ಬಂದಿದ್ದರು. ನಾನೇ ರಸ್ತೆಯಲ್ಲಿ ಅವರನ್ನು ನಿಲ್ಲಿಸಿ, "ಗೌಡ್ರ, ನಿಮ್ಮ ಮಗಂದು ಇಂಜಿನಿಯರಿಂಗ್ ಸೀಟು ಆದಂಗ ತಿಳೀರಿ" ಎಂದೆ.

ಆಗ ಸಂದರ್ಶನವೂ ಇರುತ್ತಿತ್ತು. ಗೋಡೆಯ ಪಟ್ಟಿಯಲ್ಲಿ ಕಾಣದ ಅದರ ಅಂಕವೂ ಆಯ್ಕೆಗೆ ಸೇರುತ್ತಿತ್ತು. ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೊಂದು ಮನೆಯೇ ಇರಲಿಲ್ಲ. ಸಂದರ್ಶನದಲ್ಲಿ ಮಹಾಂತೇಶನನ್ನು ಇಂಗ್ಲಿಷಿನಲ್ಲಿ ಕೇಳಿದರಂತೆ, ನಿನಗೆ ಈ ಓದು ಯಾಕೆ ಬೇಕು ಎಂದು. ಅವನಿಗೆ ಪ್ರಶ್ನೆ ಅರ್ಥವಾಯಿತು, ಉತ್ತರ ಬಾಯಿಗೆ ಬರಲಿಲ್ಲ. ಕೈಕಟ್ಟಿ ನಿಂತೇ ಇದ್ದನಂತೆ. ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ.

ಒಂದು ವಾರದ ನಂತರ ಅವನ ತಂದೆ ಸ್ಟಾಫ್‌ರೂಮಿಗೆ ಬಂದರು. ಕುಳಿತುಕೊಳ್ಳಿ ಎಂದರೆ ಕೂಡಲಿಲ್ಲ. ಬೈಯಲೂ ಇಲ್ಲ.

"ಸರ, ನಾವು ಕೇಳಿದ್ದಿಲ್ಲರಿ. ನೀವಾಗೇ ಹೇಳಿದ್ರಿ. ಆಕಿ, ಅವರಜ್ಜಿ, ಊರತುಂಬ ಸಕ್ರಿ ಹಂಚ್ಯಾಳ. ಈಗ ಹುಡುಗ ಮಂದಿ ಮುಂದ ಹೊರಗ ಬರವಲ್ಲ. ಅಟ್ಟದ ಮ್ಯಾಲ ಕುಂತಾನ."

ಅಷ್ಟು ಹೇಳಿ ಹೋದರು. ಮಹಾಂತೇಶ ಒಂದು ತಿಂಗಳು ಮನೆಯಿಂದ ಹೊರಗೆ ಬರಲಿಲ್ಲವೆಂದು ಆಮೇಲೆ ತಿಳಿಯಿತು. ತೊಗರಿ ಬಿತ್ತಿ ಮುಗಿದ ಮೇಲೆ ಸೊಲ್ಲಾಪುರಕ್ಕೆ ಹೋಗಿ ಬಿಎಸ್ಸಿ ಸೇರಿದ. ನನಗೆ ಮತ್ತೆ ಸಿಗಲಿಲ್ಲ.

ಆ ದಿನ ನಾನು ಒಂದು ನಿರ್ಧಾರ ಮಾಡಿದೆ. ಇನ್ನು ಮೇಲೆ ಯಾರಿಗೂ ಆಸೆ ಹುಟ್ಟಿಸಬಾರದು. ಸ್ವಲ್ಪ ಅನುಮಾನವಿದ್ದರೂ ಇಲ್ಲ ಎನ್ನಬೇಕು. ಸಿಗುವುದಿಲ್ಲ ಎಂದಿದ್ದು ಸಿಕ್ಕರೆ ಸಂತೋಷವೇ ಆಗುತ್ತದೆ, ಸಿಗುತ್ತದೆ ಎಂದಿದ್ದು ಸಿಗದಿದ್ದರೆ ಮಗು ಅಟ್ಟ ಹತ್ತಿ ಕೂಡುತ್ತದೆ. ನಾನು ಕಲಿತ ಪಾಠ ಇದು. ಅರ್ಧವನ್ನೇ ಕಲಿತೆ ಎಂದು ತಿಳಿಯಲು ಎಷ್ಟೋ ವರ್ಷ ಬೇಕಾಯಿತು.

ಅಫಜಲಪುರಕ್ಕೆ ವರ್ಗವಾದಾಗ ಸಂದರ್ಶನ ನಿಂತುಹೋಗಿತ್ತು. ಪಿಯುಸಿಯ ಅಂಕವೇ ಎಲ್ಲ. ನನ್ನ ಕೆಲಸ ಸುಲಭವಾಯಿತೆಂದುಕೊಂಡೆ. ನೋಟ್‌ಬುಕ್ಕು ದಪ್ಪವಾಗಿತ್ತು. ಅಲ್ಲಿಯ ಪ್ರಿನ್ಸಿಪಾಲರು ವಯಸ್ಸಾದವರು, ಮೆತ್ತಗಿನ ಮನುಷ್ಯ. ಅರ್ಜಿ ಫಾರಂ ಕೇಳಿಕೊಂಡು ಬಂದ ಹುಡುಗರನ್ನೆಲ್ಲ, "ಮೊದಲ ಫಿಸಿಕ್ಸ್ ಸರಿಗೆ ತೋರಿಸಿ ಬರ್ರಿ" ಎಂದು ನನ್ನ ಕಡೆ ಕಳಿಸುತ್ತಿದ್ದರು. ನಾನು ಹೂಂ ಎಂದವರು ಫಾರಂ ತುಂಬುತ್ತಿದ್ದರು. ಊಹೂಂ ಎಂದವರು ತುಂಬುತ್ತಿರಲಿಲ್ಲ. ಯಾರೂ ನನಗೆ ಕೊಡದ ಅಧಿಕಾರ ಅದು. ಒಮ್ಮೆಯೂ ಬೇಡವೆನ್ನದೆ ಇಟ್ಟುಕೊಂಡೆ.

ಮುಮ್ತಾಜ್ ನನ್ನ ಕೈಗೆ ಬಂದದ್ದು ಅಲ್ಲಿ. ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಇಮಾಮಸಾಬನ ಮಗಳು. ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಬಂದವಳು. ವಿಜ್ಞಾನದಲ್ಲಿ ಮೂವರೇ ಹುಡುಗಿಯರು. ಉಳಿದಿಬ್ಬರು ಮಾತಾಡುತ್ತಿರಲಿಲ್ಲ, ಈಕೆ ತಿಳಿಯದಿದ್ದರೆ ಎದ್ದು ನಿಲ್ಲುತ್ತಿದ್ದಳು. "ಸರ, ಇನ್ನೊಮ್ಮಿ ಹೇಳ್ರಿ" ಎನ್ನುತ್ತಿದ್ದಳು. ಎರಡನೆಯ ಸಲವೂ ತಿಳಿಯದಿದ್ದರೆ ಮೂರನೆಯ ಸಲವೂ ಎದ್ದು ನಿಲ್ಲುತ್ತಿದ್ದಳು. ಹುಡುಗರು ನಗುತ್ತಿದ್ದರು. ಅವಳು ಕೂತುಕೊಳ್ಳುತ್ತಿರಲಿಲ್ಲ.

ಒಮ್ಮೆ ಪ್ರಯೋಗಾಲಯದಲ್ಲಿ ಡಾಕ್ಟರ್ ಆಗುವ ಆಸೆ ಯಾಕೆ ಬಂತು ಎಂದು ಕೇಳಿದ್ದೆ. ಅವಳ ಸೋದರತ್ತೆ ಹೆರಿಗೆಗೆಂದು ಗುಲಬರ್ಗಾದ ಆಸ್ಪತ್ರೆಯಲ್ಲಿದ್ದಾಗ ಇವಳು ಜೊತೆಗಿದ್ದಳಂತೆ. ಅತ್ತೆಗೆ ಉರ್ದು ಬಿಟ್ಟರೆ ಬೇರೆ ಬಾರದು, ಡಾಕ್ಟರಿಗೆ ಉರ್ದು ಬಾರದು. ನಡುವೆ ಇವಳು ಹೇಳುತ್ತಿದ್ದಳು. ಎರಡು ದಿನದಲ್ಲಿ ವಾರ್ಡಿನ ಎಲ್ಲ ಮುಸಲ್ಮಾನ ಹೆಂಗಸರೂ ಇವಳನ್ನು ಕರೆಯತೊಡಗಿದರು. "ಅವ್ರು ಡಾಕ್ಟರಿಗೆ ಹೇಳಲಾರದ್ದು ನನಗ ಹೇಳ್ತಿದ್ರು ಸರ. ನಾ ಅರ್ಧ ಮಾತ್ರ ಡಾಕ್ಟರಿಗೆ ಹೇಳ್ತಿದ್ದೆ, ನಾಚಿಕಿ ಬರ್ತಿತ್ತು. ನಾನೇ ಡಾಕ್ಟರ್ ಆದ್ರ ಪೂರಾ ಕೇಳಬಹುದಲ್ರಿ" ಎಂದಳು.

ಆ ವರ್ಷ ಭೌತಶಾಸ್ತ್ರದ ಪ್ರಶ್ನೆಪತ್ರಿಕೆ ಬಹಳ ಕಠಿಣವಾಗಿತ್ತು. ಇದು ನನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಉತ್ತರಪತ್ರಿಕೆ ತಿದ್ದಲು ನಾನೇ ಹೋಗಿದ್ದೆ. ಚಹಾದ ಹೊತ್ತಿನಲ್ಲಿ ಬೇರೆ ಬೇರೆ ಜಿಲ್ಲೆಗಳಿಂದ ಬಂದವರೆಲ್ಲ ಅದನ್ನೇ ಮಾತಾಡುತ್ತಿದ್ದರು: ಜಾಣರ ಪತ್ರಿಕೆಗಳೂ ಈ ಸಲ ಸೊರಗಿವೆ, ಕೈತುಂಬ ಅಂಕ ಕೊಡೋಣವೆಂದರೆ ಏನೂ ಬರೆದಿಲ್ಲ. ನಾನೂ ಅದೇ ಮಾತಾಡಿದ್ದೆ. ಬಸ್ಸು ಹತ್ತಿ ಊರಿಗೆ ಬರುವಷ್ಟರಲ್ಲಿ ಮರೆತಿದ್ದೆ.

ಫಲಿತಾಂಶ ಬಂದ ಭಾನುವಾರ ಬೆಳಿಗ್ಗೆ ಇಮಾಮಸಾಬ ಮಗಳನ್ನು ಕರೆದುಕೊಂಡು ಮನೆಗೆ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಕುರ್ಚಿಯ ತುದಿಯಲ್ಲಿ ಕೂತ.

"ಸರ್ರ, ನನಗ ಈ ಮಾರ್ಕ್ಸ್ ಗೀರ್ಕ್ಸ್ ತಿಳಿಯಂಗಿಲ್ರಿ. ನೀವು ಹೂಂ ಅಂದ್ರ ಫಾರಂ ತುಂಬಸ್ತೇನಿ. ಬ್ಯಾಡ ಅಂದ್ರ ಬ್ಯಾಡ."

ನಾನು ನೋಟ್‌ಬುಕ್ಕು ತೆಗೆದು, ಅವಳ ಮೂರು ವಿಷಯಗಳ ಅಂಕ ಕೂಡಿಸಿ, ಅವಳ ವರ್ಗದ ಹಿಂದಿನ ವರ್ಷದ ಕಡೆಯ ಹೆಸರಿನ ಮುಂದಿನ ಅಂಕದ ಪಕ್ಕದಲ್ಲಿಟ್ಟು ನೋಡಿದೆ. ಒಂಬತ್ತು ಕಡಿಮೆ.

"ಒಂಬತ್ತು ಮಾರ್ಕ್ಸ್ ಕಮ್ಮಿ ಬಿದ್ದಾವ ಇಮಾಮಸಾಬ. ಆಗಂಗಿಲ್ಲ."

ಅವನು ತಲೆಯಾಡಿಸಿದ. ಮುಮ್ತಾಜ್ ನಿಂತೇ ಇದ್ದಳು.

"ಸರ, ಒಮ್ಮಿ ಹಾಕಿ ನೋಡ್ಲೇನ್ರಿ?"

"ಹಾಕಿ ಏನ ಮಾಡ್ತಿ ಅವ್ವ? ಸುಮ್ಮ ಎರಡು ತಿಂಗಳು ಆಸೆ ಇಟ್ಕೊಂಡು ಕುಂದರ್ತಿ. ಆಮ್ಯಾಲ ಬಿಎಸ್ಸಿ ಸೀಟೂ ಹೋಗ್ತದ. ಈಗ ಬಿಎಸ್ಸಿಗೆ ಹೋಗಿ ಹೆಸರು ಹಚ್ಚು."

"ಫಾರಂ ಹಾಕಾಕ ಏನ ಅಡ್ಡಿ ಅದರಿ ಸರ?"

ಅವಳು ಮೂರನೆಯ ಸಲವೂ ಎದ್ದು ನಿಲ್ಲುವವಳು. ನಾನು ಉತ್ತರ ಕೊಡುವ ಮೊದಲೇ ಇಮಾಮಸಾಬ, "ಬೇಟಿ, ಸರ್ ಹೇಳ್ಯಾರಂದ್ರ ಮುಗೀತು" ಎಂದ. ಅವಳು ಅಂಕಪಟ್ಟಿಯನ್ನು ಮಡಚಿಕೊಂಡಳು. ನನ್ನ ಹೆಂಡತಿ ಚಹಾ ತಂದಿಟ್ಟಳು. ಅವಳು ಕುಡಿಯಲಿಲ್ಲ.

ಎರಡು ತಿಂಗಳ ನಂತರ ಎಂದಿನಂತೆ ಗುಲಬರ್ಗಾಕ್ಕೆ ಹೋದೆ. ಪಟ್ಟಿಯ ಮುಂದೆ ಹುಡುಗರ ಗದ್ದಲ ಕಡಿಮೆಯಾಗುವವರೆಗೆ ಕಾದು, ಹತ್ತಿರ ಹೋಗಿ ಬರೆದುಕೊಳ್ಳತೊಡಗಿದೆ. ಮೊದಲ ವರ್ಗದ ಕಡೆಯ ಅಂಕ ಬಹಳ ಕೆಳಗಿತ್ತು. ಬೆರಳಚ್ಚಿನ ತಪ್ಪಿರಬೇಕು ಎಂದುಕೊಂಡೆ. ಎರಡನೆಯದೂ ಹಾಗೇ ಇತ್ತು. ಮುಮ್ತಾಜಳ ವರ್ಗಕ್ಕೆ ಬಂದಾಗ ಪೆನ್ಸಿಲು ನಿಂತಿತು. ಕಡೆಯ ಹೆಸರು ಒಬ್ಬ ಹುಡುಗಿಯದು. ಅವಳ ಅಂಕ ಮುಮ್ತಾಜಳ ಅಂಕಕ್ಕಿಂತ ಆರು ಕಡಿಮೆ.

ಪ್ರಶ್ನೆಪತ್ರಿಕೆ ಕಠಿಣವಾದರೆ ಎಲ್ಲರ ಅಂಕವೂ ಇಳಿಯುತ್ತದೆ. ಎಲ್ಲರ ಅಂಕ ಇಳಿದರೆ ಸೀಟಿನ ಗೆರೆಯೂ ಇಳಿಯುತ್ತದೆ. ಇದಕ್ಕೆ ಭೌತಶಾಸ್ತ್ರ ಓದಬೇಕಾಗಿಲ್ಲ. ಸಂತೆಗೆ ಹೋಗುವವರಿಗೂ ಗೊತ್ತು, ಹೋದ ವರ್ಷದ ದರ ಹಿಡಿದು ಈ ವರ್ಷ ಯಾರೂ ಮಾಲು ಕೊಳ್ಳುವುದಿಲ್ಲ. ನಾನು ಹೋದ ವರ್ಷದ ಗೆರೆಯನ್ನು ಈ ವರ್ಷದ ಹುಡುಗಿಯ ಮುಂದೆ ಎಳೆದಿದ್ದೆ. ಪತ್ರಿಕೆ ತಿದ್ದಿದ ಕೈಯಲ್ಲೇ ಎಳೆದಿದ್ದೆ.

ಸಂಜೆಯ ಹೊತ್ತಿಗೆ ಅಫಜಲಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆ. ಹೇಳಿಬಿಡಬೇಕೆಂದೇ ನಿಶ್ಚಯಿಸಿಕೊಂಡು ಬಂದಿದ್ದೆ. ಇಮಾಮಸಾಬ ಅಂಗಡಿಯಿಂದಲೇ ಕೂಗಿದ.

"ಸರ್ರ, ಬರ್ರಿ, ಬರ್ರಿ. ಚಹಾ ಕುಡದು ಹೋಗ್ರಿ. ಮಗಳನ್ನ ಬಿಎಸ್ಸಿಗೆ ಹಚ್ಚೀನ್ರಿ, ನೀವು ಹೇಳ್ದಂಗ. ಹಾಸ್ಟೆಲಿನಾಗ ಇಟ್ಟೀನಿ. ಮೊದಲ ಎರಡು ದಿನ ಅತ್ತಳು, ಈಗ ಛಲೋ ಹೊಂದ್ಕೊಂಡಾಳಂತ."

ಕೈಯಲ್ಲಿದ್ದ ಟೈರು ಬದಿಗಿಟ್ಟು, ಸ್ಟೂಲು ಒರೆಸಿ ಕೊಟ್ಟ. ನಾನು ಕೂತು ಚಹಾ ಕುಡಿದೆ. ಅವನು ಮಗಳ ಹಾಸ್ಟೆಲಿನ ಊಟದ ಬಗ್ಗೆ ಹೇಳಿದ. ಕುಡಿದು ಎದ್ದು ಮನೆಗೆ ಬಂದೆ. ಹೇಳಲಿಲ್ಲ.

ಮರುದಿನ ಪ್ರಿನ್ಸಿಪಾಲರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೇಳಬ್ಯಾಡ್ರಿ. ಹೇಳಿದ್ರ ಏನ ಆಗ್ತದ? ಆ ಹುಡುಗಿ ಜೀವನಪೂರ್ತಿ ಹಳಹಳಿಸ್ತಾಳ. ಗೊತ್ತಿಲ್ಲದಿದ್ರ ಸುಖವಾಗಿರ್ತಾಳ" ಎಂದರು. ಅವರು ಕರುಣೆಯಿಂದಲೇ ಹೇಳಿದರು. ನಾನು ಅದನ್ನು ಹೇಡಿತನದಿಂದ ಒಪ್ಪಿಕೊಂಡೆ. ಮರುವರ್ಷ ಅದೇ ಅಂಕ ಹಿಡಿದು ಅವಳು ಅರ್ಜಿ ಹಾಕಲು ದಾರಿಯಿತ್ತೋ ಇಲ್ಲವೋ ಎಂದು ಕೂಡ ನಾನು ವಿಚಾರಿಸಲಿಲ್ಲ. ವಿಚಾರಿಸಿ ಇದೆ ಎಂದಾಗಿದ್ದರೆ ಇಮಾಮಸಾಬನ ಅಂಗಡಿಗೆ ಹೋಗಿ ಹೇಳಬೇಕಾಗುತ್ತಿತ್ತು. ಲೆಕ್ಕ ತಪ್ಪಿದ್ದನ್ನು ತಪ್ಪು ಎನ್ನಬಹುದು. ಇದನ್ನು ತಪ್ಪು ಎನ್ನುವುದಕ್ಕೆ ನನಗೆ ಈಗಲೂ ಬಾಯಿ ಬರುವುದಿಲ್ಲ. ತಪ್ಪಿಗಿಂತ ದೊಡ್ಡದು ಇದು.

ನಂತರ ನನ್ನ ಪದ್ಧತಿ ಬದಲಾಯಿತು. ಉತ್ತರಪತ್ರಿಕೆ ತಿದ್ದಲು ಹೋದಾಗಲೆಲ್ಲ ಬೇರೆ ಜಿಲ್ಲೆಯವರನ್ನು ಕೇಳಿ, ಈ ವರ್ಷ ಅಂಕ ಏರಿವೆಯೋ ಇಳಿದಿವೆಯೋ ಎಂದು ಬರೆದುಕೊಂಡು ಬರುತ್ತಿದ್ದೆ. ಯಾರಿಗೂ ಆಗುವುದಿಲ್ಲ ಎಂದು ಹೇಳಲು ನಾಲಿಗೆ ಏಳುತ್ತಿರಲಿಲ್ಲ. ಆಗುತ್ತದೆ ಎನ್ನಲು ಮಹಾಂತೇಶ ನೆನಪಾಗುತ್ತಿದ್ದ. ತಂದೆತಾಯಿ ಬಂದರೆ ಏನೋ ಒಂದು ತೊದಲಿ ಕಳಿಸುತ್ತಿದ್ದೆ. ಮೊದಲಿನ ಹಾಗೆ ಜನ ಬರುವುದು ಕಡಿಮೆಯಾಯಿತು. ಮುಮ್ತಾಜ್ ಬಿಎಸ್ಸಿ ಮುಗಿಸಿ ಬಿಎಡ್ ಮಾಡಿದಳೆಂದು ಇಮಾಮಸಾಬನಿಂದಲೇ ತಿಳಿಯಿತು. ಅಷ್ಟರಲ್ಲಿ ನನಗೆ ಜೇವರ್ಗಿಗೆ ವರ್ಗವಾಯಿತು. ಅವನ ಅಂಗಡಿಯ ಮುಂದೆ ದಿನಾ ಹಾದುಹೋಗುವುದು ತಪ್ಪಿತಲ್ಲ ಎಂದು ಸಮಾಧಾನಪಟ್ಟೆ.

ಜೇವರ್ಗಿಯಲ್ಲಿದ್ದಾಗ ಎಲ್ಲ ಬದಲಾಯಿತು. ಪಿಯುಸಿ ಅಂಕದ ಜೊತೆ ಪ್ರವೇಶ ಪರೀಕ್ಷೆ ಬಂತು. ನಾಲ್ಕು ಉತ್ತರಗಳಲ್ಲಿ ಸರಿಯಾದುದರ ಮುಂದಿನ ಸಣ್ಣ ಸುತ್ತನ್ನು ತುಂಬಬೇಕು. ಉತ್ತರ ಬಂದರೂ ಸುತ್ತು ತುಂಬಲು ಬಾರದೆ ನಮ್ಮ ಮಕ್ಕಳು ಹಿಂದೆ ಬೀಳುತ್ತಿದ್ದರು. ಗೋಡೆಯ ಮೇಲಿನ ಪಟ್ಟಿಯ ಬದಲು ರ‍್ಯಾಂಕು ಬಂತು. ಬೆಂಗಳೂರಿಗೆ ಹೋಗಿ ಸರದಿಯಲ್ಲಿ ಕೂತು ಸೀಟು ಆರಿಸಿಕೊಳ್ಳುವ ಪದ್ಧತಿ ಬಂತು. ಹಳೆಯ ನೋಟ್‌ಬುಕ್ಕು ಕೆಲಸಕ್ಕೆ ಬಾರದ್ದಾಯಿತು. ನಾನು ಹೊಸದು ಮಾಡಿದೆ.

ಒಂದು ದಿನ ಮಧ್ಯಾಹ್ನ ಸ್ಟಾಫ್‌ರೂಮಿನ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಜೊತೆಗೆ ನಮ್ಮದೇ ಕಾಲೇಜಿನ ಎರಡನೆಯ ವರ್ಷದ ಶಿವಲೀಲಾ.

"ಸರ, ನನ್ನ ಗುರುತ ಸಿಕ್ತೇನ್ರಿ?"

ನೋಡಿದ ಕೂಡಲೇ ಸಿಕ್ಕಿತ್ತು. ಮುಮ್ತಾಜ್ ಜೇವರ್ಗಿಯ ಹತ್ತಿರದ ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಶಿಕ್ಷಕಿಯಾಗಿದ್ದಳು. ಶಿವಲೀಲಾ ಹತ್ತನೆಯವರೆಗೆ ಅವಳ ಕೈಯಲ್ಲಿ ಓದಿದವಳು. ತಾಯಿ ನೀಲಮ್ಮ ಅದೇ ಊರಿನ ಅಂಗನವಾಡಿಯಲ್ಲಿ ಕೆಲಸ ಮಾಡುವವಳು. ಹುಡುಗಿಗೆ ಮೆಡಿಕಲ್ ಓದುವ ಆಸೆ, ಪ್ರವೇಶ ಪರೀಕ್ಷೆಯ ಫಾರಂ ತುಂಬಲು ಹೆದರಿಕೆ.

"ಈಕೀನ ನಾನೇ ಕರ್ಕೊಂಡು ಬಂದೆ ಸರ. ಈಕಿ ಮಾರ್ಕ್ಸ್ ನೋಡಿ ನೀವು ಒಂದು ಮಾತು ಹೇಳಿಬಿಡ್ರಿ, ಆಗ್ತದೋ ಇಲ್ಲೋ. ನಮ್ಮ ಅಪ್ಪ ಕಡೀತನಕ ಅಂತಿದ್ರು, ಸರ್ ಹೇಳಿದ್ದು ತಪ್ಪಂಗಿಲ್ಲ ಅಂತ."

ಕಡೀತನಕ ಎಂದಳು. ಇಮಾಮಸಾಬ ತೀರಿಕೊಂಡಿದ್ದು ನನಗೆ ತಿಳಿದದ್ದು ಹಾಗೆ.

ಶಿವಲೀಲಾಳನ್ನು ಹೊರಗೆ ಕಳಿಸಿದೆ. ಮುಮ್ತಾಜಳಿಗೆ ಕುಳಿತುಕೊಳ್ಳಲು ಹೇಳಿದೆ. ಆಮೇಲೆ ಹೇಳಿದೆ. ಮುಂದೆ ಹಿಂದೆ ಏನೂ ಸೇರಿಸಲಿಲ್ಲ. ಆ ವರ್ಷದ ಪಟ್ಟಿಯ ಕಡೆಯ ಅಂಕ ನಿನ್ನದಕ್ಕಿಂತ ಕಡಿಮೆ ಇತ್ತು, ಅರ್ಜಿ ಹಾಕಿದ್ದರೆ ಸೀಟು ಸಿಗುತ್ತಿತ್ತು, ನಾನು ಲೆಕ್ಕ ತಪ್ಪಿದೆ ಎಂದೆ.

"ಎಷ್ಟು ಕಮ್ಮಿ ಇತ್ರಿ?"

"ಆರು."

ಅವಳು ಕೈಯಲ್ಲಿದ್ದ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ನಿಮಗ ಯಾವಾಗ ಗೊತ್ತಾತ್ರಿ?"

ಈ ಪ್ರಶ್ನೆ ಬರುತ್ತದೆಂದು ಹನ್ನೊಂದು ವರ್ಷದಿಂದ ನನಗೆ ಗೊತ್ತಿತ್ತು.

"ಆ ವರ್ಷನ. ಪಟ್ಟಿ ಹಚ್ಚಿದ ದಿನ."

ಹೊರಗೆ ಗಂಟೆ ಹೊಡೆಯಿತು. ಮಕ್ಕಳು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವ ಗದ್ದಲ ಎದ್ದು ಅಡಗಿತು.

"ಸೀಟು ಹೋತು ಅಂತ ಅಲ್ರಿ ಸರ," ಎಂದಳು ಕೊನೆಗೆ. ಅವಳ ದನಿ ಏರಲಿಲ್ಲ. "ಇಷ್ಟು ವರ್ಷ ನನಗ ತಲಿ ಕಮ್ಮಿ ಅಂತ ತಿಳ್ಕೊಂಡು ಬದುಕೀನ್ರಿ. ಕ್ಲಾಸಿನಾಗ ಮಕ್ಕಳಿಗೂ ಹಂಗ ಹೇಳ್ತೇನಿ. ನನಗಂತೂ ತಲಿ ಸಾಲಲಿಲ್ಲ, ನೀವರ ಓದ್ರಿ ಅಂತ. ಅಪ್ಪನೂ ಹಂಗ ತಿಳ್ಕೊಂಡೇ ಹೋದ್ರು. ಅವ್ರಿಗೆ ಈಗ ಯಾರು ಹೇಳಬೇಕ್ರಿ?"

ಅವಳು ಎದ್ದು ಹೊರಗೆ ಹೋಗಿ, ಶಿವಲೀಲಾಳ ಕೈ ಹಿಡಿದು ನಡೆದುಬಿಟ್ಟಳು. ತೋರಿಸಲೆಂದು ತಂದಿದ್ದ ಹುಡುಗಿಯ ಮೊದಲ ವರ್ಷದ ಅಂಕಪಟ್ಟಿ ನನ್ನ ಮೇಜಿನ ಮೇಲೇ ಉಳಿಯಿತು.

ಇನ್ನು ಬರುವುದಿಲ್ಲ ಎಂದುಕೊಂಡೆ. ಎಂಟು ದಿನಗಳ ನಂತರ ಬಂದಳು. ಈ ಸಲ ಶಿವಲೀಲಾ, ಅವಳ ತಾಯಿ ನೀಲಮ್ಮ ಇಬ್ಬರೂ ಇದ್ದರು. ಮುಮ್ತಾಜ್ ಫಾರಂ ಮೇಜಿನ ಮೇಲಿಟ್ಟಳು. ನನ್ನ ಮುಖ ನೋಡದೆ ಮಾತಾಡಿದಳು.

"ಆಗಂಗಿಲ್ಲ ಅಂತ ಹೇಳೂದು ಪಟ್ಟಿ ಕೆಲಸ ಸರ. ನಿಮ್ಮದಲ್ಲ, ನಂದೂ ಅಲ್ಲ. ನಿಮಗ ಏನೇನ ಗೊತ್ತದ ಎಲ್ಲಾ ಈಕಿ ಮುಂದ ಇಡ್ರಿ. ಹೋದ ವರ್ಷದ್ದು, ಅದರ ಹಿಂದಿನ ವರ್ಷದ್ದು. ಒಳ್ಳೇದು ಕೆಟ್ಟದ್ದು ಎಲ್ಲಾ. ಈಕಿನ ನೋಡ್ಲಿ, ಈಕಿನ ತಿಳ್ಕೊಳ್ಲಿ. ಫಾರಂ ಅಂತೂ ಹೋಗಬೇಕು."

ಹಾಗೇ ಮಾಡಿದೆ. ಹೊಸ ನೋಟ್‌ಬುಕ್ಕನ್ನು ಹುಡುಗಿಯ ಕಡೆ ತಿರುಗಿಸಿಟ್ಟೆ. ಅಷ್ಟು ವರ್ಷಗಳಲ್ಲಿ ಅದನ್ನು ಯಾವ ವಿದ್ಯಾರ್ಥಿಯ ಕಡೆಗೂ ತಿರುಗಿಸಿರಲಿಲ್ಲ. ಯಾವ ವರ್ಗಕ್ಕೆ ಯಾವ ರ‍್ಯಾಂಕಿನವರೆಗೆ ಮೆಡಿಕಲ್ ಸಿಕ್ಕಿತು, ಯಾವುದರಿಂದ ಮುಂದೆ ಸಿಗಲಿಲ್ಲ, ಪತ್ರಿಕೆ ಕಠಿಣವಾದರೆ ಏನಾಗುತ್ತದೆ, ಹಳ್ಳಿಶಾಲೆಯಲ್ಲಿ ಓದಿದ್ದಕ್ಕೆ ಯಾವ ಸರ್ಟಿಫಿಕೇಟು ಬೇಕು, ಎಲ್ಲ ಹೇಳಿದೆ. ಶಿವಲೀಲಾ ಅರ್ಧ ತಾಸು ಬೆರಳಿಟ್ಟು ಓದಿದಳು.

"ನೂರಕ್ಕ ಹತ್ತು ಅನ್ನಬಹುದೇನ್ರಿ ಸರ?"

"ಅಷ್ಟ ಇರಬಹುದವ್ವ."

"ಹತ್ತು ಅದಾವಲ್ರಿ," ಎಂದು ಪೆನ್ನು ತೆಗೆದುಕೊಂಡಳು. ನೀಲಮ್ಮ ಮೊದಲ ಬಾರಿಗೆ ನಕ್ಕಳು.

ಪರೀಕ್ಷೆಯವರೆಗೆ ಪ್ರತಿ ಶನಿವಾರ ಮಧ್ಯಾಹ್ನ ಮುಮ್ತಾಜ್ ತನ್ನ ಶಾಲೆ ಮುಗಿಸಿಕೊಂಡು ನಮ್ಮ ಕಾಲೇಜಿಗೆ ಬರುತ್ತಿದ್ದಳು. ಜೀವಶಾಸ್ತ್ರ ಅವಳು, ಭೌತಶಾಸ್ತ್ರ ನಾನು. ಸುತ್ತು ತುಂಬುವ ಹಾಳೆಗಳನ್ನು ನಾವೇ ಗೆರೆ ಹೊಡೆದು ಮಾಡಿದೆವು. ಶಿವಲೀಲಾಳ ಜೊತೆ ಇನ್ನೂ ನಾಲ್ಕು ಮಕ್ಕಳು ಸೇರಿದರು. ಮುಮ್ತಾಜ್ ನನ್ನೊಡನೆ ಪಾಠಕ್ಕೆ ಬೇಕಾದಷ್ಟು ಮಾತಾಡುತ್ತಿದ್ದಳು. ಅದಕ್ಕಿಂತ ಹೆಚ್ಚು ಒಂದು ಮಾತೂ ಇಲ್ಲ. ಚಹಾ ಬಂದರೆ ತನ್ನ ಲೋಟವನ್ನು ಮಕ್ಕಳಿದ್ದ ಕಡೆ ಒಯ್ದು ಕುಡಿಯುತ್ತಿದ್ದಳು.

ರ‍್ಯಾಂಕು ಬಂತು. ಮೆಡಿಕಲ್ ಸಿಗಲು ಇನ್ನಷ್ಟು ಮುಂದೆ ಬರಬೇಕಾಗಿತ್ತು. ಬೆಂಗಳೂರಿನಿಂದ ಕಾಗದ ಬಂದಾಗ ನೀಲಮ್ಮ, "ಅಷ್ಟು ದೂರ ಹೋಗಿ ಇಲ್ಲ ಅನಿಸ್ಕೊಂಡು ಬರೂದೇನ್ರಿ?" ಎಂದು ಹಿಂದೆಗೆದಳು. ಮುಮ್ತಾಜ್, "ಹೋಗೂದು ಅಂದ್ರ ಹೋಗೂದ ನೀಲಮ್ಮ. ಸರನೂ ಬರ್ತಾರ" ಎಂದಳು. ನನ್ನನ್ನು ಕೇಳಿರಲಿಲ್ಲ. ನಾನು ರಜೆ ಬರೆದುಕೊಟ್ಟೆ.

ನಾಲ್ವರೂ ರೈಲಿನಲ್ಲಿ ಹೋದೆವು. ದೊಡ್ಡ ಸಭಾಂಗಣದಲ್ಲಿ ಬೆಳಿಗ್ಗೆಯಿಂದ ಕಾದು ಕೂತೆವು. ಮುಂದೆ ಒಂದು ಪರದೆಯ ಮೇಲೆ ಉಳಿದ ಸೀಟುಗಳ ಸಂಖ್ಯೆ ಕಾಣುತ್ತಿತ್ತು. ಒಬ್ಬೊಬ್ಬರು ಒಳಗೆ ಹೋಗಿ ಬಂದಂತೆ ಅದು ಇಳಿಯುತ್ತಿತ್ತು. ಶಿವಲೀಲಾ ಅದನ್ನು ಬಿಟ್ಟು ಬೇರೇನೂ ನೋಡಲಿಲ್ಲ. ಅವಳಿಗಿಂತ ಇಪ್ಪತ್ತು ಜನ ಮುಂದಿರುವಾಗಲೇ ಮೆಡಿಕಲ್ ಮುಗಿಯಿತು. ಅವಳು ಕಣ್ಣು ಒರೆಸಿಕೊಂಡಳು. ಎದ್ದು ಹೋಗಲಿಲ್ಲ.

ಒಳಗೆ ಕರೆದಾಗ ತಾಯಿಯ ಜೊತೆ ನಾವಿಬ್ಬರೂ ಹೋದೆವು. ಕಂಪ್ಯೂಟರಿನ ಹಿಂದೆ ಕೂತವರು, "ದಂತ ವೈದ್ಯಕೀಯ ಇದೆ, ಇಂಜಿನಿಯರಿಂಗ್ ಇದೆ. ಬೇಗ ಹೇಳಮ್ಮ, ಹಿಂದೆ ಜನ ಕಾಯ್ತಾ ಇದ್ದಾರೆ" ಎಂದರು. ಶಿವಲೀಲಾ ತಿರುಗಿ ನನ್ನನ್ನು ನೋಡಿದಳು. ನೀಲಮ್ಮನೂ ನನ್ನನ್ನೇ ನೋಡಿದಳು. ಮುಮ್ತಾಜ್ ಮಾತ್ರ ಹುಡುಗಿಯನ್ನು ನೋಡುತ್ತಿದ್ದಳು.

ನನಗೆ ಒಂದು ಅಭಿಪ್ರಾಯವಿತ್ತು. ಹೇಳಲು ಬಾಯಿ ತೆರೆದಿದ್ದೆ ಕೂಡ. ಆದರೆ ಬಾಯಿಂದ ಬಂದದ್ದು ಬೇರೆ.

"ನಿನಗ ಏನ ಬೇಕವ್ವ?"

ಅಷ್ಟು ವರ್ಷ ನೂರಾರು ಮಕ್ಕಳಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ಹೇಳಿದವನು ನಾನು. ಈ ಪ್ರಶ್ನೆಯನ್ನು ಸೀಟಿನ ಮುಂದೆ ನಿಂತ ಒಂದು ಮಗುವಿಗೂ ಕೇಳಿರಲಿಲ್ಲ.

ಶಿವಲೀಲಾ ಪರದೆಯನ್ನು ಇನ್ನೊಮ್ಮೆ ಓದಿದಳು. "ದಂತ ವೈದ್ಯಕೀಯ ಬರ್ಕೊಳ್ರಿ" ಎಂದಳು. ಅವಳ ದನಿ ಗಟ್ಟಿಯಾಗಿಯೇ ಇತ್ತು.

ಹೊರಗೆ ಬಂದು ಒಂದು ಮರದ ಕೆಳಗೆ ಬುತ್ತಿ ಬಿಚ್ಚಿದೆವು. ನೀಲಮ್ಮ ರೊಟ್ಟಿ, ಶೇಂಗಾ ಚಟ್ನಿ ಎಲ್ಲರಿಗೂ ಹಾಕಿದಳು. ಶಿವಲೀಲಾ ನನ್ನನ್ನು ಕೇಳಿದಳು: "ಮೆಡಿಕಲ್ ಸಿಗಂಗಿಲ್ಲ ಅಂತ ನಿಮಗ ಮೊದ್ಲ ಅನಿಸಿತ್ತಲ್ರಿ ಸರ?"

"ಅನಿಸಿತ್ತು."

"ನನಗೂ ಅನಿಸಿತ್ರಿ. ಆದ್ರ ನೀವು ಹೇಳಿದ್ರ ನಾ ಮನ್ಯಾಗ ಕುಂದರ್ತಿದ್ದೆ. ಇದೊಂದು ಅದ ಅಂತನೂ ಗೊತ್ತಾಗ್ತಿದ್ದಿಲ್ಲ."

ಮುಮ್ತಾಜ್ ಊಟ ನಿಲ್ಲಿಸಿ ಆ ಕಡೆ ತಿರುಗಿ ಕೂತಳು. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ನೀಲಮ್ಮ ಏನೂ ಕೇಳದೆ ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಇಟ್ಟಳು.

ಮರುದಿನ ಜೇವರ್ಗಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಬಿಸಿಲು ಏರಿತ್ತು. ತಾಯಿ ಮಗಳು ಊರಿನ ಬಸ್ಸು ವಿಚಾರಿಸಲು ಹೋದರು. ಮುಮ್ತಾಜ್ ನನ್ನ ಎದುರಿಗೆ ಬಂದು ನಿಂತಳು. ಆ ಸ್ಟಾಫ್‌ರೂಮಿನ ದಿನದ ನಂತರ ಅವಳು ನನ್ನ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಿದ್ದು ಅದೇ ಮೊದಲು.

"ಸರ, ನಾ ನಿಮ್ಮನ್ನ ಮಾಫ್ ಮಾಡೇನಿ ಅಂತ ಹೇಳಂಗಿಲ್ಲ. ಹೇಳಾಕ ಆಗವಲ್ದು. ಸುಳ್ಳು ಹೇಳಬಾರದಲ್ರಿ."

"ಬ್ಯಾಡವ್ವ. ಹೇಳಬ್ಯಾಡ."

"ಆದ್ರ ಬರೂ ವರ್ಷ ಇನ್ನೂ ಮೂರು ಮಕ್ಕಳು ಅದಾರ. ಅವ್ರನ್ನ ಕರ್ಕೊಂಡು ಬರ್ತೇನಿ. ನೀವು ಇರ್ಬೇಕು."

ಇರುತ್ತೇನೆ ಎಂದೆ. ಬಸ್ಸು ಬಂತು. ಮೂವರೂ ಹತ್ತಿ ಹೋದರು.

ನಾನು ನಿವೃತ್ತನಾಗುವವರೆಗೆ ಪ್ರತಿ ವರ್ಷ ಅವಳು ಬಂದಳು. ಶನಿವಾರದ ಪಾಠಕ್ಕೆ ಒಂದು ವರ್ಷವೂ ತಪ್ಪಲಿಲ್ಲ. ಕೆಲವು ಮಕ್ಕಳಿಗೆ ಬೇಕಾದದ್ದು ಸಿಕ್ಕಿತು. ಹೆಚ್ಚಿನವರಿಗೆ ಸಿಗಲಿಲ್ಲ. ಸಿಗದವರಲ್ಲಿ ಕೆಲವರು ಅತ್ತರು, ಒಬ್ಬಿಬ್ಬರು ನನ್ನ ಮೇಲೆ ಸಿಟ್ಟಾದರು. ಫಾರಂ ತುಂಬದೆ ಮನೆಯಲ್ಲಿ ಉಳಿದವರು ಮಾತ್ರ ಯಾರೂ ಇರಲಿಲ್ಲ. ಮಾಫ್ ಮಾಡಿದ್ದೇನೆ ಎಂಬ ಮಾತನ್ನು ಮುಮ್ತಾಜ್ ಕೊನೆಯವರೆಗೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ಕಾಲೇಜು ಬಿಟ್ಟ ವರ್ಷ ಏಳು ಮಕ್ಕಳಿದ್ದರು. ನನ್ನ ಜಾಗಕ್ಕೆ ಹೊಸದಾಗಿ ಒಬ್ಬ ಉಪನ್ಯಾಸಕ ಬಂದಿದ್ದ. ಮುಮ್ತಾಜ್ ಆ ಏಳೂ ಜನರನ್ನು ಅವನ ಮುಂದೆ ನಿಲ್ಲಿಸಿ, ಅವನು ಬಾಯಿ ತೆರೆಯುವ ಮೊದಲೇ ಹೇಳಿದಳು: "ಇವ್ರಿಗೆ ಆಗ್ತದೋ ಇಲ್ಲೋ ನೀವು ಹೇಳಬ್ಯಾಡ್ರಿ ಸರ. ಫಿಸಿಕ್ಸ್ ಹೇಳ್ರಿ."